ಕೊಕ್ಕಡದಲ್ಲಿದ್ದ ಕ್ರೌನ್ ಪಿನಿಯನ್

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾವು ಏಳೆಂಟು ಮಂದಿ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಮಡಂತ್ಯಾರಿನಲ್ಲಿ ಸೇರುತ್ತಿದ್ದೆವು. ಅದು ಸಂಘವಲ್ಲ, ಅಧ್ಯಕ್ಷರು ಕಾರ್ಯದರ್ಶಿ ಅಂತ ಯಾರೂ ಇರಲಿಲ್ಲ. ಎಲ್ಲರ ಬಳಿಯೂ ಒಂದೇ ಜಾತಿಯ ಹಳೇ ಪಿಕಪ್ ಇತ್ತು, ಅಷ್ಟೇ ಸಂಬಂಧ. ಮುಂದೆ ಜೀಪಿನ ಮೂತಿ, ಹಿಂದೆ ಹತ್ತು ಹನ್ನೆರಡು ಮೂಟೆ ಹಿಡಿಯುವ ಸಣ್ಣ ತೊಟ್ಟಿ. ಬಂಟ್ವಾಳದಿಂದ ನಾನು, ಬೆಳ್ತಂಗಡಿ ಕಡೆಯಿಂದ ಮೂವರು, ಮೂಡುಬಿದಿರೆಯಿಂದ ಇಬ್ಬರು, ಕನ್ಯಾನದಿಂದ ಒಬ್ಬ ನಿವೃತ್ತ ಮೇಷ್ಟ್ರು. ಆ ಗಾಡಿಗಳ ಬಿಡಿಭಾಗ ತಯಾರಾಗುವುದು ನಿಂತು ಎಷ್ಟೋ ಕಾಲವಾಗಿತ್ತು. ಹಾಗಾಗಿ ಹೋಟೆಲಿನ ಹಿಂದಿನ ಖಾಲಿ ಜಾಗದಲ್ಲಿ ಬಾನೆಟ್ ಎತ್ತಿ ನಿಂತು, ಗೋಳಿಬಜೆ ತಿನ್ನುತ್ತಾ, ಯಾರ ಬಳಿ ಏನುಂಟು, ಯಾರಿಗೆ ಏನು ಬೇಕು ಎಂದು ವಿಚಾರಿಸಿಕೊಳ್ಳುವುದು. ಗಂಟೆಗಟ್ಟಲೆ ಮಾತಾಗುತ್ತಿತ್ತು. ಕೆಲಸ ಆಗುತ್ತಿದ್ದದ್ದು ಕಡಿಮೆ.

ನನ್ನ ಪಿಕಪ್ ತಂದೆಯದ್ದು. ನಮ್ಮ ಹಿಂಡಿ ಅಂಗಡಿಯಿಂದ ಹಳ್ಳಿಹಳ್ಳಿಗೆ ದನಗಳ ಹಿಂಡಿ ಹೊತ್ತು ಅದು ಮುದಿಯಾಗಿತ್ತು. ಅವರು ತೀರಿಕೊಂಡ ಮೇಲೆ ಅಂಗಡಿಯ ಜೊತೆಗೆ ಅದೂ ನನ್ನ ಪಾಲಿಗೆ ಬಂತು. ಒಂದು ದಿನ ಮೂಡುಬಿದಿರೆ ದಾರಿಯ ಏರಿನಲ್ಲಿ ತುಂಬಿದ ಲೋಡಿನೊಂದಿಗೆ ಕಟಕಟ ಎಂದು ನಿಂತಿತು. ಹಿಂದಿನ ಚಕ್ರಗಳನ್ನು ತಿರುಗಿಸುವ ಹಲ್ಲುಚಕ್ರಗಳ ಜೋಡಿಯ, ಅಂದರೆ ಕ್ರೌನ್ ಪಿನಿಯನ್ನಿನ, ನಾಲ್ಕು ಹಲ್ಲು ಹೋಗಿದ್ದವು.

"ಇದೆಲ್ಲ ಈಗ ಎಲ್ಲಿ ಸಿಗ್ತದೆ ಸಾಹೇಬ್ರೇ? ಗುಜರಿಯಲ್ಲೂ ಇಲ್ಲ," ಎಂದ ಮೆಕ್ಯಾನಿಕ್.

ಮುಂದಿನ ಎರಡನೇ ಭಾನುವಾರ ಬಸ್ಸಿನಲ್ಲೇ ಹೋಗಿ ವಿಷಯ ಹೇಳಿದೆ. ಎಲ್ಲರೂ ತಿರುಗಿ ನಮ್ಮಲ್ಲೇ ಒಬ್ಬರ ಮುಖ ನೋಡಿದರು. ಅವರು ಕೊಕ್ಕಡದ ರಬ್ಬರ್ ಕೃಷಿಕರು, ಅರವತ್ತು ದಾಟಿದವರು. ಇಂಜಿನ್ನಿನ ಬ್ಲಾಕ್ ಒಡೆದು ಅವರ ಪಿಕಪ್ ಹಲವು ವರ್ಷಗಳಿಂದ ಕೊಟ್ಟಿಗೆಯಲ್ಲಿ ನಿಂತಿತ್ತು. ಆದರೂ ಒಂದು ತಿಂಗಳೂ ತಪ್ಪದೆ ಬಸ್ಸಿನಲ್ಲಿ ಬರುತ್ತಿದ್ದರು. ಬಂದು ಎಲ್ಲರ ಗಾಡಿಗೂ ಕಿವಿ ಕೊಟ್ಟು ಸಲಹೆ ಹೇಳುತ್ತಿದ್ದರು.

"ಅಣ್ಣ, ನಿಮ್ಮ ಗಾಡಿ ಹೇಗೂ ನಿಂತೇ ಉಂಟಲ್ಲ," ಎಂದೆ. "ಆ ಪಿನಿಯನ್ ನನಗೆ ಕೊಡಿ."

ಅವರು ಚಹಾದ ಗ್ಲಾಸು ಕೆಳಗಿಟ್ಟರು. "ನಿಂತೇ ಇರ್ತದೆ ಅಂತ ಯಾರು ಹೇಳಿದ್ದು? ಅದನ್ನು ಓಡಿಸ್ಲಿಕ್ಕುಂಟು ನನಗೆ."

"ಯಾವಾಗ?"

"ನೋಡುವ."

ನಮ್ಮ ಕಡೆಯ ಈ 'ನೋಡುವ'ದಷ್ಟು ಮನುಷ್ಯನನ್ನು ಸತಾಯಿಸುವ ಮಾತು ಬೇರೆ ಇಲ್ಲ. ಇಲ್ಲ ಎಂದರೆ ಜಗಳವಾದರೂ ಆಡಬಹುದು. ಎರಡೂವರೆ ವರ್ಷ ನಾನು ಅದನ್ನೇ ಕೇಳಿದೆ. ನನ್ನ ತಮ್ಮ ದುಬೈಯಿಂದ ತಂದ ಟಾರ್ಚ್ ಕೊಟ್ಟೆ, ಸಂತೋಷದಿಂದ ತೆಗೆದುಕೊಂಡರು. ನನ್ನ ತಾಯಿ, ಉಮ್ಮನ ಮಂಡಿನೋವು ಹೇಗುಂಟು ಎಂದು ಪ್ರತಿ ಸಲ ಕೇಳಿದರು. ಪಿನಿಯನ್ನಿನ ಮಾತೆತ್ತಿದರೆ ನೋಡುವ. ಸಭೆ ಮುಗಿದ ಮೇಲೆ ರಸ್ತೆಯ ಈಚೆ ಬದಿ ನಾನು, ಆಚೆ ಬದಿ ಅವರು, ಬೇರೆಬೇರೆ ದಿಕ್ಕಿನ ಬಸ್ಸಿಗೆ ಕಾಯುತ್ತಾ ಒಬ್ಬರನ್ನೊಬ್ಬರು ನೋಡಿಯೂ ನೋಡದವರಂತೆ ನಿಲ್ಲುತ್ತಿದ್ದೆವು.

ಒಮ್ಮೆ ಅವರೇ ಬಾಯಿ ಬಿಟ್ಟರು. "ನಿಮ್ಮ ಇಂಜಿನ್ ಒಳ್ಳೆದುಂಟಲ್ಲ ಸಾಹೇಬ್ರೇ. ಅದನ್ನು ನನಗೆ ಕೊಡಿ, ನನ್ನದು ನಾಳೆಯೇ ಓಡ್ತದೆ."

ನನಗೆ ತಲೆಗೇರಿತು. "ಅದು ನನ್ನ ತಂದೆಯ ಗಾಡಿ!"

"ನನ್ನದು ನಾನೇ ದುಡಿದು ತೆಗೆದದ್ದು."

ಕನ್ಯಾನದ ಮೇಷ್ಟ್ರಿಗೆ ಸಾಕಾಗಿತ್ತು. "ಎರಡು ಸತ್ತ ಗಾಡಿ ಇಟ್ಟುಕೊಂಡು ಎಂಥ ಜಗಳ ಮಾರಾಯ್ರೆ? ಯಾರಾದ್ರೂ ಒಬ್ಬರು ಕೊಡಿ, ಒಂದಾದ್ರೂ ಬದುಕ್ಲಿ."

ನಾವಿಬ್ಬರೂ ಕೊಡಲಿಲ್ಲ. ನಾನು ಬಾಡಿಗೆ ಟೆಂಪೋದವನ ಮರ್ಜಿ ಕಾಯುತ್ತಾ ಹಿಂಡಿ ಸಾಗಿಸಿದೆ. ಮೊದಮೊದಲು ವಾರಕ್ಕೊಮ್ಮೆ ಇಂಜಿನ್ ಸ್ಟಾರ್ಟ್ ಮಾಡಿ ಇಡುತ್ತಿದ್ದವನು, ಆ ಜಗಳದ ಮೇಲೆ ಬೇಸರ ಬಂದು ಅದನ್ನೂ ಬಿಟ್ಟೆ.

ಮೂರನೆಯ ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಅಂಗಡಿಗೆ ಕೊಕ್ಕಡದವರ ಫೋನ್ ಬಂತು. "ಕಣ್ಣಿನ ಡಾಕ್ಟ್ರು ಇನ್ನು ಸ್ಟೇರಿಂಗ್ ಹಿಡಿಯಬಾರದು ಅಂದ್ರು. ಬನ್ನಿ, ಬಿಚ್ಚಿಕೊಂಡು ಹೋಗಿ."

ಮರುದಿನವೇ ಮೆಕ್ಯಾನಿಕ್ಕನ್ನು ಕರೆದುಕೊಂಡು ಕೊಕ್ಕಡಕ್ಕೆ ಹೋದೆ. ಅವನು ಗಾಡಿಯ ಅಡಿಗೆ ನುಸುಳಿ ಬೋಲ್ಟು ಸಡಿಲಿಸಿದ. ಆಯಿಲ್ ಬರಲಿಲ್ಲ. ಮೊದಲು ನೀರು ಬಂತು, ಆಮೇಲೆ ಕಂದು ಕೆಸರು. ಆಯಿಲ್ ಹಾಕುವ ತೂತಿನ ಮುಚ್ಚಳ ಯಾವಾಗಲೋ ಬಿದ್ದುಹೋಗಿ, ಕೊಟ್ಟಿಗೆಯ ಬದಿಯಿಂದ ಹೊಡೆಯುವ ಇರಚಲು ಮಳೆಮಳೆಗೂ ಒಳಗೆ ಇಳಿದಿತ್ತು. ಮೆಕ್ಯಾನಿಕ್ ಉಗುರಿನಿಂದ ಕೆರೆದರೆ ಹಲ್ಲುಗಳಿಂದ ತುಕ್ಕು ಹಪ್ಪಳದಂತೆ ಎದ್ದು ಬರುತ್ತಿತ್ತು.

"ಕೇಳಿದಾಗಲೇ ಕೊಟ್ಟಿದ್ರೆ ಇದು ಇವತ್ತು ನನ್ನ ಗಾಡಿಯಲ್ಲಿ ತಿರುಗ್ತಿತ್ತು!" ಎಂದು ಕೂಗಾಡಿದೆ. "ನಿಮಗೂ ಇಲ್ಲ, ನನಗೂ ಇಲ್ಲ ಅಂತ ಮಾಡಿದ್ರಿ!"

ಅವರು ಕುಕ್ಕರಗಾಲಲ್ಲಿ ಕೂತು ಹೆಗಲ ಬೈರಾಸಿನಿಂದ ಆ ಚಕ್ರವನ್ನು ಒರೆಸತೊಡಗಿದರು. ಒರೆಸಿದಷ್ಟೂ ಬಟ್ಟೆ ಕೆಂಪಾಗುತ್ತಿತ್ತು. ಅವರ ಹೆಂಡತಿ ಮಜ್ಜಿಗೆ ತಂದಿಟ್ಟರು. ನಾನು ಕುಡಿಯದೆ ಹೊರಟೆ.

ಮನೆಗೆ ಬಂದವನಿಗೆ ಒಂದು ಗುಮಾನಿ ಹುಟ್ಟಿತು. ಅಂಗಿ ಕೂಡ ಬದಲಿಸದೆ ನನ್ನ ಪಿಕಪ್ಪಿನ ಮುಂದೆ ನಿಂತು ಇಂಜಿನ್ನಿಗೆ ಸ್ಟಾರ್ಟಿಂಗ್ ಹ್ಯಾಂಡಲ್ ಹಾಕಿ ತಿರುಗಿಸಿದೆ. ಅಲುಗಲಿಲ್ಲ. ಜೊತೆಗೇ ಬಂದಿದ್ದ ಮೆಕ್ಯಾನಿಕ್ಕೂ ಕೈಹಾಕಿದ. ಇಬ್ಬರೂ ಸೇರಿ ಮೈಭಾರ ಬಿಟ್ಟರೂ ಸ್ಟಾರ್ಟ್ ಮಾಡದೆ ಬಿಟ್ಟ ಇಂಜಿನ್ ಒಳಗೇ ತುಕ್ಕು ಹಿಡಿದು ಕಲ್ಲಿನಂತೆ ಕಚ್ಚಿಕೊಂಡಿತ್ತು. ಉಮ್ಮ ಜಗಲಿಯಿಂದ, "ಅದಕ್ಕೆ ಯಾಕೆ ಹೊಡೆದಾಡ್ತೀಯ ಮಗಾ?" ಎಂದರು. ನನಗೆ ಅಳು ಬರುವಷ್ಟು ಸಿಟ್ಟು. ಯಾರ ಮೇಲೆ ಎಂದು ಹೇಳಲಾರೆ.

ಆ ತಿಂಗಳ ಎರಡನೇ ಭಾನುವಾರ ಮಡಂತ್ಯಾರಿಗೆ ಹೋದೆ. ಮೂರೇ ಗಾಡಿ ಬಂದಿದ್ದವು. ಕೊಕ್ಕಡದವರು ಕಪ್ಪು ಕನ್ನಡಕ ಹಾಕಿಕೊಂಡು ಬೆಂಚಿನಲ್ಲಿ ಕೂತಿದ್ದರು. ನನ್ನ ಧ್ವನಿ ಕೇಳಿ ಸರಿದು ಜಾಗ ಮಾಡಿಕೊಟ್ಟರು. ಆಮೇಲೆ ಕೇಳಿದರು:

"ನಿಮ್ಮ ಇಂಜಿನ್ ಆದರೂ ಒಳ್ಳೆದುಂಟಲ್ಲ?"

"ಉಂಟು," ಎಂದೆ.

ಅವರು ತಲೆಯಾಡಿಸಿ, "ಅಷ್ಟಾದರೂ ಉಳೀತಲ್ಲ," ಎಂದರು. ಮುಂದಿನ ತಿಂಗಳಿಂದ ನಾನು ಹೋಗಲಿಲ್ಲ.