ಒಬ್ಬನೇ ಇರುವಾಗ ಹೇಳಬೇಕಾದ ಮಾತು

ಕೊಡಿಗೇನಹಳ್ಳಿಯ ಹತ್ತಿರದ ಒಂದು ಊರಿನ ಹೊರಕೇರಿಯಲ್ಲಿ ಪಾಲಪ್ಪ ಅಂತ ಒಬ್ಬನಿದ್ದ. ಕಪಿಲೆ ಬಾವಿಗಳಿಗೆ ತೊಗಲಿನ ಚೀಲ ಹೊಲಿಯುವುದು ಅವನ ಕಸುಬು. ಸುತ್ತಮುತ್ತ ಎಲ್ಲೇ ಎತ್ತುಗಳು ಹಿಂದಕ್ಕೂ ಮುಂದಕ್ಕೂ ನಡೆದು ನೀರು ಮೇಲೆ ಬರುತ್ತಿದ್ದರೂ ಆ ಚೀಲ ಪಾಲಪ್ಪನ ಕೈಯದೋ ಇಲ್ಲ ಅವನ ತಮ್ಮ ಬೋರಪ್ಪನ ಕೈಯದೋ ಆಗಿರುತ್ತಿತ್ತು. ಭಾನುವಾರ ಮಾತ್ರ ಪಾಲಪ್ಪ ದಬ್ಬಳ ಮುಟ್ಟುತ್ತಿರಲಿಲ್ಲ. ಒಗೆದ ಅಂಗಿ ತೊಟ್ಟು, ಕೇರಿಯ ತುದಿಯಲ್ಲಿದ್ದ ಪ್ರಾರ್ಥನೆ ಮನೆಯ ಬಾಗಿಲು ತೆಗೆದು, ಗಂಟೆ ಹೊಡೆದು, ಬಾರದವರ ಮನೆ ಮುಂದೆ ನಿಂತು ಕೂಗಿ ಕರೆತರುತ್ತಿದ್ದ. ಅವನು ಅಲ್ಲಿನ ಸಭೆಯ ಹಿರಿಯ.

ಕೇರಿ ಯೇಸುಸ್ವಾಮಿಯ ಕಡೆ ಬಂದದ್ದು ಪ್ಲೇಗಿನ ಕಾಲ ಕಳೆದು ಸ್ವಲ್ಪ ವರ್ಷಕ್ಕೆ. ದೀಕ್ಷಾಸ್ನಾನದ ದಿನ ಗಂಡಸರೆಲ್ಲ ತಮ್ಮ ತಮ್ಮ ತಮಟೆಗಳನ್ನು ತಂದು ಒಂದು ಕಡೆ ರಾಶಿ ಹಾಕಿ ಸುಟ್ಟಿದ್ದರು. ಊರ ದೇವರ ಮುಂದೆ, ಊರವರ ಹೆಣದ ಮುಂದೆ, ಕರೆದಾಗಲೆಲ್ಲ ಓಡಿಹೋಗಿ ಬಾರಿಸಬೇಕಾಗಿದ್ದ ತಮಟೆ ಅದು. ಇನ್ನು ಯಾರ ಮುಂದೆಯೂ ಬಾರಿಸುವುದಿಲ್ಲ ಅಂತ ಅವತ್ತು ಆಣೆಯಾಯಿತು. ಬಾರಿಸಿದವನನ್ನು ಕರ್ತನ ಭೋಜನದಿಂದ, ಅಂದರೆ ಪಾದ್ರಿ ಅಯ್ಯನೋರು ರೊಟ್ಟಿ ಮುರಿದು ದ್ರಾಕ್ಷಾರಸದ ಬಟ್ಟಲು ಕೊಡುವ ಪಂಕ್ತಿಯಿಂದ, ಹೊರಗಿಡುವುದು ಅಂತ ಕಟ್ಟಳೆಯಾಯಿತು. ಅಯ್ಯನೋರು ಇದ್ದದ್ದು ಮಧುಗಿರಿಯಲ್ಲಿ. ಗಾಡಿ ಕಟ್ಟಿಸಿಕೊಂಡು ಅವರು ಬರುತ್ತಿದ್ದದ್ದೇ ಅಪರೂಪ, ಹಾಗಾಗಿ ಆ ಪಂಕ್ತಿಯೂ ಅಪರೂಪ. ನೂರಾರು ವರ್ಷ ಯಾರ ಪಂಕ್ತಿಗೂ ಸೇರಿಸದೆ ಇಟ್ಟಿದ್ದ ಜನಕ್ಕೆ ಅದರಿಂದ ಎದ್ದು ಹೋಗುವುದು ಎಂಥಾ ಸಂಕಟ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಪಾಲಪ್ಪ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅವನ ಕಥೆ ಸಲೀಸಾಗಿ ಹೇಳಿ ಮುಗಿಸಬಹುದಿತ್ತು. ತಪ್ಪು ಮಾಡಿದವನನ್ನು ಹೇಗೆ ತಿದ್ದಬೇಕು ಅಂತ ಅಯ್ಯನೋರು ಕಲಿಸಿದ್ದು ಅವನಿಗೆ ಬಾಯಿಪಾಠವಾಗಿತ್ತು. ಮೊದಲು ಅವನೊಬ್ಬನೇ ಇರುವಾಗ ಹೋಗಿ ಹೇಳು. ಕೇಳದಿದ್ದರೆ ಇಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಮಾತ್ರ ಸಭೆಗೆ ತಾ. ಕೇರಿಯ ರಂಗಯ್ಯ ಒಂದು ಸಲ ಊರ ದೇವರ ಮುಂದೆ ಕುಡಿದು ತಮಟೆ ಬಾರಿಸಿದಾಗ ಪಾಲಪ್ಪ ಹಾಗೆಯೇ ನಡೆದುಕೊಂಡಿದ್ದ. ರಂಗಯ್ಯ ಬಾವಿಯ ಹತ್ತಿರ ಒಂಟಿಯಾಗಿ ಸಿಕ್ಕಾಗ ಪಕ್ಕದಲ್ಲಿ ಕೂತು, ಬೀಡಿ ಕೊಟ್ಟು, ಮಾತಾಡಿದ್ದ. ರಂಗಯ್ಯ ಕೊಸರಾಡಿ, ಬೈದು, ಪಂಕ್ತಿಯಿಂದ ಹೊರಗೆ ಕೂತು, ಕೊನೆಗೆ ಅಳುತ್ತಾ ವಾಪಸು ಬಂದ. ಬಂದವನನ್ನು ಪಾಲಪ್ಪನೇ ಕೈಹಿಡಿದು ಒಳಗೆ ಕೂರಿಸಿದ. ಪಾಲಪ್ಪ ಹೇಳಿದರೆ ನೋವಾಗುವುದಿಲ್ಲ ಅಂತ ಹೆಂಗಸರೂ ಮಾತಾಡಿಕೊಳ್ಳುತ್ತಿದ್ದರು. ಆ ಮಾತು ಅವನ ಕಿವಿಗೂ ಬಿದ್ದಿತ್ತು, ಅವನಿಗೆ ಹಿತವೂ ಆಗಿತ್ತು.

ಕೇರಿಯ ಕೊನೆ ಗುಡಿಸಲಿನಲ್ಲಿ ಲಕ್ಕಮ್ಮ ಅಂತ ಒಬ್ಬ ಮುದುಕಿ ಇದ್ದಳು. ಅವಳು ಸಭೆಗೆ ಸೇರಿದವಳಲ್ಲ. 'ಸಾಯೋ ಕಾಲ್ದಾಗೆ ನಂಗೆ ಹೊಸ ದ್ಯಾವ್ರು ಗುರ್ತಾಗಲ್ಲ ಬುಡ್ರಪ್ಪ' ಅಂದುಬಿಟ್ಟಿದ್ದಳು. ಪ್ಲೇಗಿನಲ್ಲಿ ಅಪ್ಪ ಅಮ್ಮ ಒಟ್ಟಿಗೆ ಹೋದಾಗ ಪಾಲಪ್ಪ ಆಗಲೇ ಗೌಡರ ದನ ಕಾಯುವಷ್ಟು ದೊಡ್ಡವನು, ಬೋರಪ್ಪ ಮಾತ್ರ ಮೊಲೆ ಬಿಡದ ಕೂಸು. ಆ ಕೂಸನ್ನು ಎತ್ತಿಕೊಂಡು ಹೋಗಿ, ರಾಗಿ ಅಂಬಲಿ ಬಸಿದು ಕುಡಿಸಿ, ಬದುಕಿಸಿಕೊಂಡವಳು ಲಕ್ಕಮ್ಮ. ಅವಳಿಗೆ ಸ್ವಂತದವರು ಯಾರೂ ಇರಲಿಲ್ಲ.

ಪಾಲಪ್ಪ ತೊಗಲು ಕೊಳ್ಳಲು ಸಿರಾ ಕಡೆಗೆ ಹೋಗಿದ್ದಾಗ ಲಕ್ಕಮ್ಮ ತೀರಿಕೊಂಡಳು. ಅವನು ವಾಪಸಾಗುತ್ತಿದ್ದಾಗ ಊರ ಬಾಗಿಲಲ್ಲೇ ಒಬ್ಬ ಒಕ್ಕಲಿಗ ಹಲ್ಲು ಕಿರಿದು ತಡೆದ.

"ಏನ್ಲಾ ಪಾಲ, ನಿಮ್ ಕಟ್ಟಳೆ ನಮಗೆ ಮಾತ್ರವೋ? ನಮ್ಮಪ್ಪ ಸತ್ತಾಗ ತಮಟೆಗೆ ಒಬ್ನೂ ಬರ್ಲಿಲ್ಲ. ನಿನ್ ತಮ್ಮ ನೆನ್ನೆ ಮುದುಕಿ ಮುಂದೆ ಹೆಂಗ್ ಬಾರಿಸ್ದ ಅಂತೀಯ, ಮಸಾಣದ ತಂಕ!"

ಮಾರನೆಯ ದಿನವೇ ಭಾನುವಾರ. ಅಯ್ಯನೋರು ಬರುವವರಿದ್ದರು, ಭೋಜನವಿತ್ತು. ರಂಗಯ್ಯನನ್ನು ಹೊರಗೆ ಕೂರಿಸಿದವನು ತಮ್ಮನನ್ನು ಮುಚ್ಚಿಟ್ಟುಕೊಂಡ ಅಂತ ನಾಳೆ ಜನ ಆಡಿಕೊಂಡರೆ? ದಾರಿಯುದ್ದಕ್ಕೂ ಇದೊಂದೇ ಯೋಚನೆ. ಬೋರಪ್ಪನ ಮನೆ ಅವನ ಮನೆಯಿಂದ ಕೂಗಳತೆಯಲ್ಲಿತ್ತು. ಹೋಗಬೇಕು ಅಂದುಕೊಂಡ. ಹೋದರೆ ತಮ್ಮ ಏನಾದರೂ ಹೇಳುತ್ತಾನೆ, ಕೇಳಿದರೆ ತನ್ನ ಮನಸ್ಸು ಕರಗುತ್ತದೆ, ಕರಗಿದರೆ ನಾಳೆ ನಾಲಿಗೆ ಏಳುವುದಿಲ್ಲ ಅಂತ ಹೆದರಿ ಹೋಗಲಿಲ್ಲ. ಹೊರಗಿನವರನ್ನು ತಿದ್ದುವಾಗ ಇದ್ದ ತಾಳ್ಮೆ ಒಡಹುಟ್ಟಿದವನ ಹತ್ತಿರ ಬಂದಾಗ ಎಲ್ಲಿ ಹೋಗುತ್ತದೋ ಕಾಣೆ. ನ್ಯಾಯವಂತ ಅನ್ನಿಸಿಕೊಳ್ಳುವ ಆಸೆಗೆ ಮೊದಲು ಬಲಿಯಾಗುವವರು ಮನೆಯವರೇ.

ಮಾರನೆಯ ದಿನ ಎಲ್ಲರೂ ಸಾಲಾಗಿ ಮಂಡಿಯೂರಿದ್ದರು. ಬೋರಪ್ಪನೂ ಹೆಂಡತಿ ಚಿಕ್ಕಕ್ಕನ ಜೊತೆ ಸಾಲಿನಲ್ಲಿದ್ದ. ಅಯ್ಯನೋರು ರೊಟ್ಟಿಯ ತಟ್ಟೆ ಕೈಗೆ ತೆಗೆದುಕೊಳ್ಳುವ ಹೊತ್ತಿಗೆ ಪಾಲಪ್ಪ ಎದ್ದು ನಿಂತ.

"ಅಯ್ಯ, ಒಂದು ಮಾತು. ನನ್ ತಮ್ಮ ಬೋರಪ್ಪ ತಮಟೆ ಬಾರಿಸವ್ನೆ. ಪಂಕ್ತಿಯಾಗೆ ಕೂರಂಗಿಲ್ಲ."

ಅಯ್ಯನೋರು ಬೋರಪ್ಪನ ಕಡೆ ತಿರುಗಿದರು.

"ನಿಜವೇನಪ್ಪ?"

"ನಿಜ ಕಣಯ್ಯ, ಬಾರಿಸ್ದೆ," ಅಂದ ಬೋರಪ್ಪ. ಆಮೇಲೆ ಅಣ್ಣನನ್ನು ನೋಡಿದ. "ಲಕ್ಕಮ್ಮ ಸಾಯೋ ಮುಂಚೆ ನನ್ ಕೈ ಹಿಡ್ಕಂಡು ಕೇಳಿದ್ಲು. ತಮಟೆ ಇಲ್ದೆ ನಾಯೀನ ಎಳ್ಕಂಡ್ ಹೋದಂಗೆ ಎಳ್ಕಂಡ್ ಹೋಗ್ಬ್ಯಾಡ್ರಿ ಅಂದ್ಲು. ಬಾರ್ಸೋರು ಇನ್ಯಾರೂ ಇರ್ನಿಲ್ಲ. ಅವ್ಳ್ ಗುಡಿಸ್ಲಾಗೆ ಹಳೇ ತಮಟೆ ಒಂದ್ ಉಳ್ದಿತ್ತು. ತಪ್ಪೋ ಸರಿಯೋ ನಂಗೂ ತಿಳೀನಿಲ್ಲ. ಅಣ್ಣಯ್ಯ ಬರ್ಲಿ, ಕೇಳಾನ ಅಂತಿದ್ದೆ." "ನೀನು ತೊಗ್ಲು ನೆನೆಸದೇನೆ ದಬ್ಬಳ ಹಾಕ್ಬುಟ್ಟೆ ಕಣಣ್ಣಯ್ಯ, ಹರೀದೆ ಇರ್ತದಾ?" ಅಂದು ಎದ್ದು ಹೊರಗೆ ನಡೆದ.

ಕಟ್ಟಳೆ ಕಟ್ಟಳೆಯೇ. ಮಾಡಿದ್ದು ತಪ್ಪಾಯಿತು ಅಂತ ಕೇಳಿಕೊಂಡು ಬರುವವರೆಗೆ ಬೋರಪ್ಪ ಹೊರಗಿರಬೇಕು ಅಂತ ಅಯ್ಯನೋರು ಹೇಳಿದರು. ಆದರೆ ಅವರಿಗೂ ಏನೋ ಕಸಿವಿಸಿ. ಗಾಡಿ ಹತ್ತುವ ಮುಂಚೆ ಪಾಲಪ್ಪನನ್ನು ಪಕ್ಕಕ್ಕೆ ಕರೆದು, "ಸಭೆಗೆ ತರುವ ಮೊದಲು ಅವನೊಬ್ಬನೇ ಇರುವಾಗ ಮಾತಾಡಿದ್ದೆ ತಾನೆ?" ಅಂತ ಕೇಳಿದರು.

"ಹೂಂ ಅಯ್ಯ, ಮಾತಾಡಿದ್ದೆ," ಅಂದ ಪಾಲಪ್ಪ.

ಅಂದು ತಿರುಗಿದರೆ ಗಾಡಿಯ ಆಚೆ ಬದಿಯಲ್ಲಿ ಬೋರಪ್ಪ ನಿಂತಿದ್ದ. ಬಾಗಿಲಲ್ಲಿ ಬಿಟ್ಟಿದ್ದ ಮೆಟ್ಟು ತೆಗೆದುಕೊಳ್ಳಲು ಬಂದಿದ್ದ, ಮೆಟ್ಟು ಕೈಯಲ್ಲೇ ಇತ್ತು. ಇಬ್ಬರ ಕಣ್ಣೂ ಸೇರಿದವು. ಬೋರಪ್ಪ ಬಾಯಿ ಬಿಟ್ಟಿದ್ದರೆ ಪಾಲಪ್ಪನ ಹಿರೇತನ ಅಲ್ಲಿಗೇ ಮಣ್ಣುಪಾಲಾಗುತ್ತಿತ್ತು. ಬೋರಪ್ಪ ಮೆಟ್ಟು ಕೆಳಗಿಟ್ಟು, ಮೆಟ್ಟಿಕೊಂಡು, ಮನೆಗೆ ಹೋದ.

ಆಮೇಲೆ ವರ್ಷಗಳು ಉರುಳಿದವು. ಬೋರಪ್ಪ ಸಭೆ ಬಿಟ್ಟು ಹೋಗಲಿಲ್ಲ, ಊರ ದೇವರ ಕಡೆಗೂ ತಿರುಗಲಿಲ್ಲ. ಪ್ರತಿ ಭಾನುವಾರ ಪ್ರಾರ್ಥನೆ ಮನೆಯ ಎದುರಿನ ಹೊಂಗೆ ಮರದಡಿ ಬಂದು ಕೂರುತ್ತಿದ್ದ. ಒಳಗೆ ಹಾಡು ಶುರುವಾದರೆ ಅವನೂ ಅಲ್ಲಿಂದಲೇ ಹಾಡುತ್ತಿದ್ದ. ಅವನ ಕಂಠ ದೊಡ್ಡದು, ಒಳಗಿನವರಿಗೆಲ್ಲ ಕೇಳುತ್ತಿತ್ತು. ಪಾಲಪ್ಪನಿಗೆ ಮಾತ್ರ ಅದು ಕೇಳುವಷ್ಟೂ ಹೊತ್ತು ಮುಳ್ಳಿನ ಮೇಲೆ ಕೂತ ಹಾಗಾಗುತ್ತಿತ್ತು.

ಅಯ್ಯನೋರು ಬರುವ ಸುದ್ದಿ ಬಂದಾಗಲೆಲ್ಲ ಪಾಲಪ್ಪ ತಮ್ಮನ ಮನೆಗೆ ಹೋಗುತ್ತಿದ್ದ. ಆದರೆ ಒಬ್ಬನೇ ಅಲ್ಲ. ರಂಗಯ್ಯನನ್ನೋ ಇನ್ಯಾರನ್ನೋ ಜೊತೆಗೆ ಹಾಕಿಕೊಂಡೇ ಹೋಗುತ್ತಿದ್ದ.

"ಲೇ ಬೋರ, ತಪ್ಪಾಯ್ತು ಅಂತ ಒಂದ್ ಮಾತು ಅಂದ್ಬುಡ್ಲಾ. ಒಳಗೆ ಬಂದ್ಬುಡು."

"ಅಂತೀನಿ ಅಣ್ಣಯ್ಯ. ಅದ್ಕೂ ಮುಂಚೆ ನಿನ್ ಕುಟೆ ಒಂದ್ ಮಾತು ಆಡ್ಬೇಕು. ಒಬ್ನೇ ಬಾ."

ಪಾಲಪ್ಪನಿಗೆ ಆ ಒಂದು ಮಾತು ಏನು ಅಂತ ಗೊತ್ತಿತ್ತು. ಗೊತ್ತಿದ್ದರಿಂದಲೇ ಅವನು ಒಬ್ಬನೇ ಹೋಗಲಿಲ್ಲ. ಪಕ್ಕದಲ್ಲಿ ರಂಗಯ್ಯ ಇದ್ದರೆ ಬೋರಪ್ಪ ಅದನ್ನು ಎತ್ತುವುದಿಲ್ಲ ಅನ್ನುವ ಧೈರ್ಯ ಅವನಿಗೆ. ತಮ್ಮನ ಒಳ್ಳೆಯತನವನ್ನೇ ಗುರಾಣಿ ಮಾಡಿಕೊಂಡು ಬದುಕಿದ ಅನ್ನಬೇಕು. ಕಪಿಲೆ ಚೀಲಕ್ಕೆ ಇಬ್ಬರ ಕೈ ಬೇಕಾದಾಗಲೂ ಬೇರೆ ಯಾರನ್ನಾದರೂ ಕರೆದುಕೊಳ್ಳುತ್ತಿದ್ದ. ರಂಗಯ್ಯ ಒಂದು ಸಲ ಬೇಸತ್ತು, "ಒಬ್ನೇ ಹೋಗಿ ಬಾರಣ್ಣ, ಏನ್ ಗಂಟು ಹೋಯ್ತದೆ? ನನ್ ಹತ್ರ ಬರೋವಾಗ ಒಬ್ನೇ ಬಂದಿರ್ನಿಲ್ವಾ?" ಅಂದ. ಪಾಲಪ್ಪ ಅವನ ಮೇಲೇ ಸಿಡುಕಿದ.

ಬೋರಪ್ಪನಿಗೆ ಉಬ್ಬಸ ಹಿಡಿಯಿತು. ತೊಗಲು ಹದ ಮಾಡುವ ತೊಟ್ಟಿಯ ಹತ್ತಿರ ನಿಲ್ಲಲಾರದವನಾದ, ಹೊಂಗೆ ಮರದವರೆಗೂ ನಡೆಯಲಾರದವನಾದ. ಭಾನುವಾರದ ಹಾಡಿಗೆ ಹೊರಗಿನಿಂದ ದನಿ ಸೇರುವುದು ನಿಂತುಹೋಯಿತು. ಒಂದು ಮಧ್ಯಾಹ್ನ ಚಿಕ್ಕಕ್ಕ ಹೇಳಿಕಳಿಸಿದಳು, ಬೇಗ ಬರಬೇಕಂತೆ ಅಂತ. ಪಾಲಪ್ಪ ಹೊಲಿಗೆ ಅಲ್ಲೇ ಬಿಟ್ಟು ಎದ್ದ. ಕಾಲು ನೇರ ತಮ್ಮನ ಮನೆಯತ್ತ ಹೋಗಲಿಲ್ಲ, ಅಭ್ಯಾಸಬಲದಿಂದ ರಂಗಯ್ಯನ ಮನೆಗೆ ಹೋಯಿತು.

ಬೋರಪ್ಪ ಗೋಡೆಗೆ ಒರಗಿ ಕೂತಿದ್ದ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಅಣ್ಣನನ್ನು ನೋಡಿ ಮುಖ ಅರಳಿತು. ಹಿಂದೆಯೇ ಬಂದ ರಂಗಯ್ಯನನ್ನು ನೋಡಿ ಬೆರಳಲ್ಲೇ ಬಾಗಿಲು ತೋರಿಸಿದ. ರಂಗಯ್ಯ ಹೊರಡುವುದಕ್ಕೆ ತಿರುಗಿದ.

ಪಾಲಪ್ಪ ಅವನ ತೋಳು ಹಿಡಿದುಕೊಂಡ. "ಇರ್ಲಿ ಬುಡ್ಲಾ ಬೋರ, ರಂಗಯ್ಯ ನಮ್ಮೋನೇ ತಾನೆ. ಏನಿದ್ರೂ ಹೇಳು."

ಬೋರಪ್ಪ ಅಣ್ಣನ ಮುಖವನ್ನೇ ತುಂಬಾ ಹೊತ್ತು ನೋಡಿದ. ಕೋಪ ಇರಲಿಲ್ಲ ಆ ನೋಟದಲ್ಲಿ. ಕೋಪ ಇದ್ದಿದ್ದರೆ ಪಾಲಪ್ಪ ತಡೆದುಕೊಳ್ಳುತ್ತಿದ್ದ.

"ಏನಿಲ್ಲ ಅಣ್ಣಯ್ಯ," ಅಂದ ಬೋರಪ್ಪ. "ಪ್ರಾರ್ಥ್ನೆ ಮಾಡು."

ಪಾಲಪ್ಪ ಪ್ರಾರ್ಥನೆ ಮಾಡಿದ. ಅವನು ಮಾಡಿದ ಪ್ರಾರ್ಥನೆಗಳಲ್ಲಿ ಅಷ್ಟು ಉದ್ದದ್ದು ಇನ್ನೊಂದಿಲ್ಲ ಅಂತ ರಂಗಯ್ಯ ಆಮೇಲೆ ಹೇಳಿದ. ಬೆಳಗಾಗುವಷ್ಟರಲ್ಲಿ ಬೋರಪ್ಪ ಇಲ್ಲವಾದ.

ಸುದ್ದಿ ತಿಳಿದಾಗ ಪಾಲಪ್ಪ ಯಾರನ್ನೂ ಕರೆಯಲಿಲ್ಲ, ಎಡವುತ್ತಾ ಓಡಿಬಂದ. ಬಾಗಿಲಲ್ಲಿ ಕೂತಿದ್ದ ಚಿಕ್ಕಕ್ಕ ತಲೆಯೆತ್ತಿದಳು.

"ಈಗ ಒಬ್ರೇ ಬಂದ್ರಾ ಬಾವ?"

ಅವನು ಹೊಸ್ತಿಲಲ್ಲೇ ನಿಂತ.

"ಅವ್ರು ಯಾವಾಗ್ಲೂ ಒಂದೇ ಹೇಳೋರು," ಅಂದಳು ಚಿಕ್ಕಕ್ಕ. "ಅಣ್ಣಯ್ಯಂಗೆ ಒಂದ್ ಮಾತು ಹೇಳ್ಬೇಕು, ಜನದ ಮುಂದೆ ಹೇಳಿದ್ರೆ ಅವ್ನ್ ಮಾನ ಹೋಯ್ತದೆ, ಒಬ್ನೇ ಬರ್ಲಿ ಅನ್ನೋರು. ಅದೇನು ಅಂತ ನಂಗೂ ಹೇಳ್ನಿಲ್ಲ. ಕೇಳಿದ್ರೆ, ಅದು ಅಣ್ಣ ತಮ್ಮಂದು ಬುಡು ಅನ್ನೋರು."

ಅಂದರೆ ಆ ಸುಳ್ಳು ಯಾರಿಗೂ ಗೊತ್ತಿರಲಿಲ್ಲ. ಕಟ್ಟಿಕೊಂಡ ಹೆಂಡತಿಗೂ ಹೇಳದೆ ತಮ್ಮ ಅದನ್ನು ತನ್ನ ಜೊತೆಗೇ ತೆಗೆದುಕೊಂಡು ಹೋಗಿದ್ದ. ಪಾಲಪ್ಪನ ಮಾನ ಒಂದು ಚೂರೂ ಹೋಗಿರಲಿಲ್ಲ. ಒಳಗೆ ಗೋಡೆಗೆ ಒರಗಿಸಿದ್ದ ಹೆಣದ ಎದುರು ಅವನು ಕೂತ. ಅಳುವವರು ಬರುವುದಕ್ಕೆ ಇನ್ನೂ ಹೊತ್ತಿತ್ತು. ಅವತ್ತು ಅಣ್ಣ ತಮ್ಮ ಇಬ್ಬರೇ ಇದ್ದರು, ಹೇಳಬೇಕಾದ್ದನ್ನು ಹೇಳಲು ಯಾರ ಅಡ್ಡಿಯೂ ಇರಲಿಲ್ಲ. ಪಾಲಪ್ಪ ಬಾಯಿ ತೆರೆದ, ಒಂದು ಅಕ್ಷರವೂ ಬರಲಿಲ್ಲ.

ಪಂಕ್ತಿಯಿಂದ ಹೊರಗಿದ್ದವರನ್ನು ಸಭೆಯ ಗೋರಿ ನೆಲದಲ್ಲಿ ಹೂಳುವಂತಿರಲಿಲ್ಲ. ಕಳ್ಳಿಬೇಲಿಯ ಆಚೆಗೆ, ಹಾಡಿಲ್ಲದೆ ಹೂಳಬೇಕು. ಮಧುಗಿರಿಯಿಂದ ಬಂದ ಅಯ್ಯನೋರು ಬೇಲಿಯ ಹತ್ತಿರ ತಲೆತಗ್ಗಿಸಿ ನಿಂತಿದ್ದರು. ಗುಂಡಿ ತೋಡುವವರು ಬೇಲಿಯಾಚೆ ಗುದ್ದಲಿ ಎತ್ತಿದಾಗ ಪಾಲಪ್ಪ ಹೋಗಿ ಗುದ್ದಲಿ ಹಿಡಿದುಕೊಂಡ.

"ಅಯ್ಯ, ಬೋರಪ್ಪನ ಹತ್ರ ನಾನು ಮಾತಾಡಿರ್ನಿಲ್ಲ," ಅಂದ. ದನಿ ಎಲ್ಲರಿಗೂ ಕೇಳಿಸುವಷ್ಟು ಜೋರಾಗಿತ್ತು. "ಅವ್ನೊಬ್ನೇ ಇರೋವಾಗ ಮಾತಾಡಿದ್ದೆ ಅಂತ ಅವತ್ತು ನಿಮ್ಗೆ ಸುಳ್ಳು ಹೇಳ್ದೆ. ಅದು ಅವ್ನಿಗೆ ಗೊತ್ತಿತ್ತು. ಗೊತ್ತಿದ್ದೂ ಇಷ್ಟ್ ವರ್ಷ ಮರದ ಕೆಳಗೆ ಕೂತಿದ್ದ. ಹೊರಗಿರ್ಬೇಕಾದೋನು ನಾನು. ಅವನ್ನ ಒಳಗೆ ಹೂಳ್ರಿ."

ರಂಗಯ್ಯ ಮುಖ ಆಚೆ ತಿರುಗಿಸಿಕೊಂಡ. ಅಯ್ಯನೋರು ಕಣ್ಣೊರೆಸಿಕೊಂಡು, "ಒಳಗೇ ತೋಡಿ" ಅಂದರು. ಕಳ್ಳಿ ಕಡಿದು ದಾರಿ ಮಾಡಿದರು. ಬೋರಪ್ಪನನ್ನು ಒಳಗೆ ಮಲಗಿಸಿ, ಅವನು ಹೊಂಗೆ ಮರದಡಿ ಕೂತು ಹಾಡುತ್ತಿದ್ದ ಹಾಡನ್ನೇ ಹಾಡಿದರು.

ಎಲ್ಲ ಮುಗಿದು ಜನ ಹೊರಟಾಗ ಚಿಕ್ಕಕ್ಕ ಪಾಲಪ್ಪನ ಹತ್ತಿರ ಬಂದಳು. ಬೈಯುತ್ತಾಳೆ ಅಂತ ಅವನು ಕಾದ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ.

"ಇದನ್ನ ಅವ್ರ್ ಹತ್ರ ಹೇಳಿದ್ರೆ ಸಾಕಾಗಿತ್ತು ಬಾವ," ಅಂದಳು. "ಇಷ್ಟ್ ಜನ ಬೇಕಿರ್ಲಿಲ್ಲ."

ಅಷ್ಟು ಹೇಳಿ ಸೆರಗು ತಲೆಗೆ ಎಳೆದುಕೊಂಡು ಅವಳು ಕೇರಿಯ ಕಡೆ ನಡೆದಳು.