ಮಾತಾಡದೆ ತಂದ ನೆಲನೆಲ್ಲಿ

ಮಕ್ಕಳೇ, ಸಹನಾ, ವೀರೇಶ, ನಿಮಗಾಗಿ ಇದನ್ನು ಬರೆಯುತ್ತಿದ್ದೇನೆ. ಕಾಮಣಿ, ಅಂದರೆ ಕಾಮಾಲೆ, ಆದವರನ್ನು ಈಗ ಕೊಪ್ಪಳದ ದವಾಖಾನೆಗೆ ಕರೆದೊಯ್ಯುತ್ತಾರೆ. ನಾನು ಚಿಕ್ಕವಳಿದ್ದ ಆ ದಿನಗಳಲ್ಲಿ, ಹನುಮಸಾಗರದ ಹತ್ತಿರದ ನಮ್ಮೂರಿನವರು ಮೊದಲು ಹೊಲದ ಬದುವಿಗೆ ಹೋಗುತ್ತಿದ್ದರು. ಮಳೆಗಾಲದಲ್ಲಿ ಅಲ್ಲಿ ನೆಲನೆಲ್ಲಿ ಬೆಳೆಯುತ್ತಿತ್ತು. ಗೇಣುದ್ದದ ಗಿಡ, ಹುಣಸೆಯಂಥ ಎಲೆ, ಎಲೆಯ ಅಡಿಯಲ್ಲಿ ಸಾಸಿವೆಯಷ್ಟು ಕಾಯಿ.

ಒಂದು ಶ್ರಾವಣದಲ್ಲಿ ನಮ್ಮಪ್ಪನ ಕಣ್ಣು ಅರಿಷಿಣದಂತಾದವು. ಅಪ್ಪನ ತಾಯಿ, ನಮ್ಮ ಆಯಿ, ಆ ಗಿಡವನ್ನು ಬೇರುಸಹಿತ ಅರೆದು ಮಜ್ಜಿಗೆಯಲ್ಲಿ ಕುಡಿಸುವವಳು. ಆದರೆ ಕಿತ್ತವರು ಅದನ್ನು ಅವಳ ಕೈಗೆ ಕೊಡುವ ತನಕ ಮಾತಾಡುವಂತಿರಲಿಲ್ಲ. ಆಡಿದರೆ ಔಷಧಿ ಹತ್ತುವುದಿಲ್ಲವಂತೆ. ಮೊದಲ ದಿನ ಹೋದ ಅಣ್ಣ ದಾರಿಯಲ್ಲಿ ನಾಯಿಯನ್ನು ಬೈದು ಕೆಡಿಸಿದ. ಮರುದಿನ ಅಕ್ಕ ಬಾಗಿಲಲ್ಲಿ ನಿಂತು, "ನಾ ಒಂದ ಮಾತೂ ಆಡಿಲ್ಲ ನೋಡಬೇ ಆಯಿ," ಎಂದು ಕೆಡಿಸಿದಳು. ಮೂರನೆಯ ದಿನ ಆಯಿ ನನ್ನನ್ನು ಕಳಿಸಿದಳು. ಮಂದಿ ಕಂಡರೆ ಕಂಬದ ಹಿಂದೆ ನಿಲ್ಲುವವಳು ನಾನು. ಅಪ್ಪನ ಜೀವ ನನ್ನ ಬಾಯಲ್ಲಿದೆ ಎಂದು ತುಟಿ ಬಿಗಿಹಿಡಿದು ಹೋದೆ.

ಗಿಡ ಕಿತ್ತು ಬರುವಾಗ ಮಾಸ್ತರರು ಸಿಕ್ಕು ಏನೋ ಕೇಳಿದರು. ಶಾಲೆಯಲ್ಲೂ ನಾನು ಉತ್ತರ ಕೊಡುತ್ತಿರಲಿಲ್ಲವಾದ್ದರಿಂದ ಸುಮ್ಮನೆ ಮುಂದೆ ಹೋದರು. ಹಿಂದಿನ ಓಣಿಯ ಗಂಗವ್ವ ಮಾತ್ರ ಬಿಡಲಿಲ್ಲ.

"ನಿಮ್ಮಪ್ಪ ಹೆಂಗದಾನವಾ?"

ತಲೆ ತಗ್ಗಿಸಿದೆ. ಮತ್ತೆ ಕೇಳಿದಳು. ಎಲ್ಲಿ ಬಾಯಿಬಿಟ್ಟೇನೋ ಎಂಬ ಹೆದರಿಕೆಗೆ ಕಣ್ಣಲ್ಲಿ ನೀರು ಬಂತು. ಅಷ್ಟು ಸಾಕಾಯಿತು. ಗಂಗವ್ವ ಕೊಡ ಇಳಿಸಿ ಎದೆ ಬಡಿದುಕೊಂಡು, ನಾವು ಮನೆಯವರೇ ಕೇಳಿರದ ಅಪ್ಪನ ಗುಣಗಳನ್ನೆಲ್ಲ ಹಾಡಿಕೊಂಡು ಅತ್ತಳು. ಇಲ್ಲವೆಂದು ತಲೆಯಾಡಿಸಿದೆ. ದುಃಖ ತಡೆಯದೆ ಹೀಗೆ ಮಾಡುತ್ತಿದ್ದಾಳೆಂದು ನನ್ನನ್ನು ಅವುಚಿಕೊಂಡಳು. ಮನೆ ಮುಟ್ಟುವಷ್ಟರಲ್ಲಿ ಅರ್ಧ ಊರು ಅಳುತ್ತ ನಮ್ಮ ಹಿಂದಿತ್ತು.

ಅಪ್ಪ ಕಟ್ಟೆಯ ಮೇಲೆ ಬೇವಿನ ಕಡ್ಡಿ ಜಗಿಯುತ್ತ ಕೂತಿದ್ದ. "ಯಾರ ಹೋದ್ರಬೇ ಗಂಗಕ್ಕಾ?" ಎಂದ.

"ನೀನ ಹೋಗಿದ್ದೆಲ್ಲೋ ತಮ್ಮಾ," ಎಂದಳು ಗಂಗವ್ವ. ಹಿಡಿದ ಅಳು ಅವಳಿಗೆ ನಿಲ್ಲಿಸಲಾಗಲಿಲ್ಲ.

ಎಲ್ಲರೂ ನನ್ನ ಕಡೆ ತಿರುಗಿ ಬೈಯತೊಡಗಿದರು. ನಾನು ಸೀರೆಗಳ ಸಂದಿಯಲ್ಲಿ ನುಗ್ಗಿ ಗಿಡವನ್ನು ಆಯಿಯ ಕೈಗಿಟ್ಟೆ. ಆಮೇಲೆ ತಿರುಗಿ, ಓಣಿಗೆಲ್ಲ ಕೇಳುವಂತೆ ಹೇಳಿದೆ:

"ನಮ್ಮಪ್ಪ ಸತ್ತಿಲ್ರಿ."

ಅಷ್ಟು ಮಂದಿಯೆದುರು ನಾನು ಮಾತಾಡಿದ್ದು ಅದೇ ಮೊದಲು.

ಆ ಮಜ್ಜಿಗೆ, ಉಪ್ಪಿಲ್ಲದ ಜೋಳದ ಗಂಜಿ ಕುಡಿದು ಅಪ್ಪ ಎದ್ದು ಓಡಾಡಿದ. ಗುಣವಾದದ್ದು ಗಿಡದಿಂದಲೋ ಪಥ್ಯದಿಂದಲೋ, ನನಗೆ ತಿಳಿಯದು. ಈಗ ಬದುವಿಗೆ ಕಳೆನಾಶಕ ಹೊಡೆಯುತ್ತಾರೆ, ನೆಲನೆಲ್ಲಿ ಕಣ್ಣಿಗೆ ಬೀಳುವುದಿಲ್ಲ. ಗಂಗವ್ವನೂ ಇಲ್ಲ. ಎಷ್ಟೋ ವರ್ಷಗಳ ಮೇಲೆ ಅಪ್ಪ ನಿಜವಾಗಿ ತೀರಿಕೊಂಡಾಗ ಬಹಳ ಮಂದಿ ಬಂದರು, ಆ ಬೆಳಗಿನಂತೆ ಯಾರೂ ಅಳಲಿಲ್ಲ.

ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ. ಇದನ್ನೆಲ್ಲ ಬಾಯಿಬಿಟ್ಟು ಹೇಳಲು ನನಗೆ ಈಗಲೂ ನಾಚಿಕೆ.