ತಂಗಿಯ ಪೆಟ್ಟಿಗೆಯಲ್ಲಿದ್ದ ಹಸಿರು ಫೈಲು

ಎರಡು ವರ್ಷದ ಹಿಂದಿನ ಮಾತು. ಸಂಕ್ರಾಂತಿ ಮುಗಿದು ನಾಲ್ಕೈದು ದಿನವಾಗಿತ್ತು. ಒಂದು ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಅವ್ವ ಬಂದು ಬಾಜು ಕುಳಿತು, "ಸುವರ್ಣಾ ಫೋನ್ ಮಾಡಿದ್ಳು. ಮುಂದಿನ ತಿಂಗಳ ಹಡಗಿನ್ಯಾಗ ಟೂರ್ ಹೊಂಟಾರಂತ. ನಾವು ಮೂರೂ ಮಂದಿ ಬರಬೇಕಂತ. ನಾ ಹೂಂ ಅಂದೇನಿ" ಎಂದಳು.

ನನ್ನ ಕೈ ನಿಂತಿತು.

"ಹಡಗಂದ್ರ ಏನಂತ ತಿಳದಿಬೇ? ಹುಬ್ಬಳ್ಳಿ ಬಸ್ಸಿನ್ಯಾಗ ಕುಂತ್ರ ಎರಡ ಸಲ ವಾಂತಿ ಮಾಡ್ಕೋತಿ."

"ಈ ಸಲ ಸಮುದ್ರದಾಗ ಮಾಡ್ಕೋತೀನಿ ಬಿಡು" ಎಂದು ಎದ್ದು ಹೋದಳು.

ಸುವರ್ಣಾ ನನ್ನ ಒಬ್ಬಳೇ ತಂಗಿ. ನವಲಗುಂದದಲ್ಲಿರುತ್ತಾಳೆ. ಅವಳ ಗಂಡ ಮಂಜುನಾಥನದು ಟ್ರ್ಯಾಕ್ಟರ್ ಮಾರುವ ಅಂಗಡಿ. ಆ ವರ್ಷ ವ್ಯಾಪಾರ ಚೆನ್ನಾಗಿ ಆಗಿದ್ದಕ್ಕೆ ಕಂಪನಿಯವರು ಮುಂಬೈಯಿಂದ ಹೊರಡುವ ದೊಡ್ಡ ಹಡಗಿನಲ್ಲಿ ಕುಟುಂಬಕ್ಕೆಲ್ಲ ಸಾಲುವಂಥ ಕೋಣೆಗಳ ಸೂಟ್ ಬಹುಮಾನವಾಗಿ ಕೊಟ್ಟಿದ್ದರಂತೆ. ನಾನು, ನನ್ನ ಯಜಮಾನರು ಮತ್ತು ಅವ್ವ ಇರುವುದು ಅಣ್ಣಿಗೇರಿಯಲ್ಲಿ. ಎರಡೂ ಊರಿನ ನಡುವೆ ಮುಕ್ಕಾಲು ತಾಸಿನ ದಾರಿ. ಆದರೂ ಆರು ವರ್ಷದಿಂದ ನಾವು ಅಕ್ಕ-ತಂಗಿ ಮಾತು ಬಿಟ್ಟಿದ್ದೆವು. ಅವ್ವನನ್ನು ನೋಡಲು ಅವಳು ಬಂದಳೆಂದರೆ ನಾನು ಜೋಳದ ಡಬ್ಬಿ ಎತ್ತಿಕೊಂಡು ಹಿಟ್ಟಿನ ಗಿರಣಿಗೆ ಹೋಗುತ್ತಿದ್ದೆ. ಹಿಟ್ಟು ಬೀಸಿ ಮುಗಿದರೂ ಅವಳ ಕಾರು ಓಣಿಯಿಂದ ಹೋಗುವ ತನಕ ಗಿರಣಿಯವನ ಹೆಂಡತಿಯ ಜೊತೆ ಹರಟುತ್ತಾ ಕೂಡುತ್ತಿದ್ದೆ.

ಕಾರಣ ಅಪ್ಪನ ಸಾವು. ಈ ಪ್ರವಾಸಕ್ಕಿಂತ ಆರು ವರ್ಷ ಮೊದಲು ಒಂದು ಸಂಜೆ ಅಪ್ಪ ಎದೆ ಹಿಡಿದಂತಾಗಿದೆ ಎಂದ. ಮರುದಿನ ಬೆಳಿಗ್ಗೆ ನೋವು ಹೆಚ್ಚಾಯಿತು. ಊರಿನ ಡಾಕ್ಟರು ಇಸಿಜಿ ತೆಗೆದು, ತಡ ಮಾಡದೆ ಹುಬ್ಬಳ್ಳಿಗೆ ಒಯ್ಯಿರಿ ಎಂದರು. ದಾರಿಯಲ್ಲೇ ಅಪ್ಪ ಹೋದ. ಹನ್ನೊಂದನೆಯ ದಿನ ಶಿವಗಣಾರಾಧನೆಯ ಊಟಕ್ಕೆ ನೆಂಟರೆಲ್ಲ ಸೇರಿದ್ದರು. ಅವರೆಲ್ಲರ ಮುಂದೆ ಸುವರ್ಣಾ ಅಂದುಬಿಟ್ಟಳು, "ಹಿಂದಿನ ದಿನ ಸಂಜೀನ ಎದಿನೋವು ಬಂದಿತ್ತು. ಅಕ್ಕ ಓಂಕಾಳಿನ ನೀರ ಕುಡಿಸಿ ಮಲಗಿಸಿದ್ಲು. ಅವತ್ತ ಹುಬ್ಬಳ್ಳಿಗೆ ಒಯ್ದಿದ್ರ ಅಪ್ಪ ಉಳೀತಿದ್ದ."

ಓಂಕಾಳಿನ ನೀರು ಕೊಟ್ಟದ್ದು ನನಗೆ, ಅಪ್ಪನಿಗೆ, ಅವ್ವನಿಗೆ ಮಾತ್ರ ಗೊತ್ತಿತ್ತು. ಅಪ್ಪ ಇರಲಿಲ್ಲ. ಹಾಗಾದರೆ ಅವ್ವನೇ ತಂಗಿಯ ಕಿವಿಯಲ್ಲಿ ಹೇಳಿರಬೇಕು ಎಂದು ನಾನು ಗಟ್ಟಿ ಮಾಡಿಕೊಂಡಿದ್ದೆ. ಒಂದೇ ಮನೆಯಲ್ಲಿದ್ದರೂ ಅವ್ವನ ಮೇಲೆ ನನಗೊಂದು ಒಳಸಿಟ್ಟು ಇದ್ದೇ ಇತ್ತು.

ಇನ್ನೊಂದು ಮಾತು ಹೇಳಬೇಕು. ನಾನು ಹದಿನೈದು ವರ್ಷದಿಂದ ಬಾಂಡ್ ರೈಟರ್ ಒಬ್ಬರ ಹತ್ತಿರ ಟೈಪಿಂಗ್ ಕೆಲಸ ಮಾಡುತ್ತೇನೆ. ಖರೀದಿ ಪತ್ರ, ಆಸ್ತಿ ಪಾಲು ಮಾಡುವ ವಾಟ್ನಿ ಪತ್ರ, ಹಕ್ಕು ಬಿಡುಗಡೆ ಪತ್ರ, ಇವೇ ದಿನವೂ ನನ್ನ ಬೆರಳಿನಡಿ ಹಾಯುವುದು. ನಗುನಗುತ್ತಾ ಪೇಢೆ ತಿನ್ನಿಸಿ, ಒಡಹುಟ್ಟಿದವರ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದವರನ್ನು ಕಣ್ಣಾರೆ ಕಂಡಿದ್ದೇನೆ. ಅಪ್ಪನ ಎಂಟು ಎಕರೆ ಎರೆಹೊಲ ಅವ್ವನ ಹೆಸರಿನಲ್ಲಿದೆ. ಆರು ವರ್ಷ ಮುಖ ನೋಡದ ತಂಗಿ ಈಗ ಹಡಗು ಹತ್ತಿಸುತ್ತೇನೆ ಎಂದರೆ ನಾನು ಬೇರೆ ಏನು ತಿಳಿಯಲಿ? ಅದೂ ಅಲ್ಲದೆ ಹಿಂದಿನ ಶ್ರಾವಣದಲ್ಲಿ ಅವಳು ಬಂದು ಹೋದ ದಿನ, ಗಿರಣಿಯಿಂದ ಮರಳಿದಾಗ ಅವ್ವನ ಟ್ರಂಕಿನ ಕೀಲಿ ತೆಗೆದಿತ್ತು. ಕೇಳಿದರೆ, "ಸೀರಿ ಬಿಸಲಿಗೆ ಹಾಕಿದ್ದೆ" ಎಂದಳು. ಸೀರೆ ಎಲ್ಲೂ ಒಣಗುತ್ತಿರಲಿಲ್ಲ.

ಯಜಮಾನರಿಗೆ ಹೇಳಿದೆ, "ಇದರಾಗ ಏನೋ ಐತಿ. ನಾ ಬರೂದಿಲ್ರಿ."

"ಮುದುಕಿ ಒಬ್ಬಾಕಿನ ಕಳಸ್ತೀಯೇನ?" ಎಂದರು.

ಆ ಮಾತಿಗೇ ನಾನು ಹೊರಟೆ. ಅವ್ವನ ಹೆಬ್ಬೆಟ್ಟಿನ ಕಾವಲಿಗೆ.

ಮುಂಬೈ ಬಂದರಿನಲ್ಲಿ ಸುವರ್ಣಾ ಮತ್ತು ಮಂಜುನಾಥ ನಮಗಾಗಿ ಕಾಯುತ್ತಿದ್ದರು. "ಆರಾಮ ಬಂದ್ಯೇನ ಅಕ್ಕಾ?" ಎಂದಳು. "ಹೂಂ" ಎಂದೆ. ಆರು ವರ್ಷದಲ್ಲಿ ಅದೇ ನಮ್ಮ ಮೊದಲ ಮಾತು. ಅವಳು ಎಲ್ಲರ ಆಧಾರ್ ಕಾರ್ಡುಗಳನ್ನು ಇಸಿದುಕೊಂಡಳು. ಹಡಗು ಹತ್ತಲು ಬೇಕು ಎಂದಳು. ಅವ್ವನ ಕಾರ್ಡು ಮರಳಿ ಬರುವ ತನಕ ನಾನು ಅವಳ ಕೈಯ ಮೇಲಿನ ಕಣ್ಣು ತೆಗೆಯಲಿಲ್ಲ.

ತಪಾಸಣೆಯಲ್ಲಿ ಅವ್ವನ ಎಲೆಅಡಿಕೆ ಚಂಚಿಯೊಳಗಿನ ಅಡಕೊತ್ತನ್ನು ತೆಗೆದಿಟ್ಟುಕೊಂಡರು. ಹರಿತವಾದ ವಸ್ತು ಒಳಗೆ ಬಿಡುವಂತಿಲ್ಲ, ಇಳಿಯುವಾಗ ಕೊಡುತ್ತೇವೆ ಎಂದರು. "ನಾ ಯಾರನ್ನರೆ ಕೊಲ್ಲಾಕ ಹೊಂಟೇನೇನ್ರೀ?" ಎಂದು ಅವ್ವ ಜಗಳಕ್ಕೆ ನಿಂತಳು. ಹಿಂದಿನ ಸಾಲಿನವರೆಲ್ಲ ನಕ್ಕರು. ಸುವರ್ಣಾ ಕೂಡ ನನ್ನ ಕಡೆ ನೋಡಿ ನಕ್ಕಳು. ನಾನು ಮುಖ ತಿರುಗಿಸಿದೆ.

ಸೂಟಿನ ಬಾಗಿಲು ಒಂದು ಕಾರ್ಡು ತೋರಿಸಿದರೆ ತೆರೆಯುತ್ತಿತ್ತು. ಒಳಗೆ ನಮ್ಮ ಪಡಸಾಲೆಗಿಂತ ದೊಡ್ಡ ಹಾಲು, ಎರಡು ಮಲಗುವ ಕೋಣೆ, ಗಾಜಿನ ಬಾಗಿಲಿನಾಚೆ ಬಾಲ್ಕನಿ, ಅದರಾಚೆ ಸಮುದ್ರ. ಹಾಸಿಗೆಯ ಮೇಲೆ ಟವೆಲನ್ನು ಹಂಸದಂತೆ ಮಡಚಿ ಇಟ್ಟಿದ್ದರು. ಬಿಳಿ ಕೈಗವಸು ಹಾಕಿಕೊಂಡ ಒಬ್ಬ ಬಂದು, ಇಡೀ ಪ್ರವಾಸದಲ್ಲಿ ನಿಮ್ಮ ಸೇವೆಗೆ ನಾನಿದ್ದೇನೆ, ಏನು ಬೇಕಾದರೂ ಕೇಳಿ ಎಂದು ಹಿಂದಿಯಲ್ಲಿ ಹೇಳಿ ಬಾಗಿದ. ಅವನ ಮೇಲೂ ನನಗೆ ಸಂಶಯ ಬಂತು. ಅವ್ವ ಮಾತ್ರ ಹಂಸದ ಕುತ್ತಿಗೆ ಹಿಡಿದೆತ್ತಿ, ಅದೇ ಟವೆಲಿನಿಂದ ಮುಖ ಒರೆಸಿಕೊಂಡಳು.

"ಈ ದೊಡ್ಡ ಖೋಲ್ಯಾಗ ಅವ್ವ, ಅಕ್ಕ, ನಾನು. ಆ ಖೋಲ್ಯಾಗ ಗಂಡಸರಿಬ್ರೂ" ಎಂದಳು ಸುವರ್ಣಾ.

ಗಂಡನನ್ನು ಬಿಟ್ಟು ಇವಳು ನಮ್ಮ ಜೊತೆ ಮಲಗುವುದು ಯಾಕೆ? ನಾನು ಯಜಮಾನರ ಕಡೆ ನೋಡಿದೆ. ಅವರು ಚಾವಣಿಯ ದೀಪ ನೋಡುತ್ತಿದ್ದರು. ಮಂಜುನಾಥ ಕೆಮ್ಮಿ, "ಅಕ್ಕಾರ, ನಾವಿಬ್ರೂ ಮ್ಯಾಲ ಹೋಗಿ ಹಡಗ ನೋಡ್ಕೊಂಡ ಬರ್ತೇವ್ರಿ" ಎಂದ. ನನ್ನ ಯಜಮಾನರು ಹೊಸ ಜಾಗದಲ್ಲಿ ಚಪ್ಪಲಿ ಬಿಟ್ಟಲ್ಲಿಂದ ಕದಲುವವರಲ್ಲ. ಅಂಥವರು ಅವನ ಹಿಂದೆ ಸರಸರ ನಡೆದರು. ಬಾಗಿಲಲ್ಲಿ ಅವ್ವನ ಕಡೆ ತಿರುಗಿ ಒಂದು ನಮೂನಿ ನೋಡಿದರು. ಅವ್ವ ಗೋಣು ಆಡಿಸಿದಳು. ಇವರೂ ಅವರ ಕಡೆ ಸೇರಿದ್ದಾರೆಂದು ನನಗೆ ಖಾತ್ರಿಯಾಯಿತು.

ಸುವರ್ಣಾ ಪೆಟ್ಟಿಗೆ ತೆರೆದು ಬಟ್ಟೆ ತೆಗೆಯುತ್ತಿದ್ದಳು. ಸೀರೆಗಳ ನಡುವೆ ಒಂದು ಹಸಿರು ಫೈಲು ಕಂಡಿತು. ನಾನು ನೋಡಿದ್ದನ್ನು ನೋಡಿ ಅವಳು ತಟ್ಟನೆ ಮೇಲೊಂದು ಸೀರೆ ಎಳೆದಳು. ನನ್ನ ಕೆಲಸದಲ್ಲಿ ಅಂಥ ಫೈಲುಗಳನ್ನು ಎಷ್ಟೋ ನೋಡಿದ್ದೇನೆ. ರಜೆಗೆಂದು ಬಂದವರು ಫೈಲು ತರುವುದಿಲ್ಲ.

ನಾಲ್ಕು ಗಂಟೆಯ ಸುಮಾರಿಗೆ ಹಡಗು ಹೊರಟಿತು. ಅವ್ವ ಬಾಲ್ಕನಿಯ ಕುರ್ಚಿಯಲ್ಲಿ ಕುಳಿತು ದಂಡೆ ದೂರ ಸರಿಯುವುದನ್ನು ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಫೋನಿನ ಸಿಗ್ನಲ್ಲೂ ಹೋಯಿತು. ಇನ್ನು ಯಾರನ್ನಾದರೂ ಕೇಳೋಣವೆಂದರೂ ಆಗದು. ಸುವರ್ಣಾ ಸ್ನಾನಕ್ಕೆ ಹೋದಳು. ಒಳಗಿನಿಂದ ನೀರು ಬೀಳುವ ಸದ್ದು ಬಂದ ಕೂಡಲೇ ನಾನು ಅವಳ ಪೆಟ್ಟಿಗೆ ತೆರೆದೆ.

ನನ್ನ ಜೀವನದಲ್ಲಿ ಇನ್ನೊಬ್ಬರ ಪೆಟ್ಟಿಗೆಗೆ ಕೈ ಹಾಕಿದ್ದು ಅದೊಂದೇ ಸಲ. ಫೈಲು ಎಳೆದು ಬಿಚ್ಚಿದೆ. ಛಾಪಾ ಕಾಗದ ಹುಡುಕಿದೆ, ಇರಲಿಲ್ಲ. ಮೇಲೆಯೇ ಅಪ್ಪನ ಹೆಸರಿನ ಇಸಿಜಿ. ಅದರಡಿ ನಮ್ಮ ಊರಿನ ಡಾಕ್ಟರು ಹುಬ್ಬಳ್ಳಿಗೆ ಬರೆದ ಚೀಟಿ. ಆ ಬೆಳಿಗ್ಗೆ ನಾನೇ ಕೈಯಲ್ಲಿ ಹಿಡಿದು ಓಡಿದ ಚೀಟಿ, ಮಡಿಕೆಗಳ ಗುರುತೂ ಹಾಗೇ ಇತ್ತು. ಅದರಡಿ ಹುಬ್ಬಳ್ಳಿಯ ಹೃದಯದ ಡಾಕ್ಟರೊಬ್ಬರ ಹಾಳೆ, ಇತ್ತೀಚಿನದು, ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದಿತ್ತು. ನನಗೆ ಏನೊಂದೂ ತಿಳಿಯಲಿಲ್ಲ. ನೀರಿನ ಸದ್ದು ನಿಂತದ್ದೂ ತಿಳಿಯಲಿಲ್ಲ.

ತಲೆ ಎತ್ತಿದಾಗ ಸುವರ್ಣಾ ಒದ್ದೆ ಕೂದಲಿನಲ್ಲಿ ಬಾಗಿಲಲ್ಲಿ ನಿಂತಿದ್ದಳು.

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. "ನೋಡು ಅಕ್ಕಾ. ನಿನಗ ತೋರಸಾಕಂತನ ತಂದೇನಿ. ಊಟ ಆದ ಮ್ಯಾಲ ಧೈರ್ಯಾ ಮಾಡೂಣು ಅಂದಿದ್ದೆ" ಎಂದಳು.

ನಾನು ಫೈಲು ಹಾಸಿಗೆಯ ಮೇಲೆ ಎಸೆದು ಬಾಗಿಲ ಕಡೆ ನಡೆದೆ. ನಾಚಿಕೆಯೋ ಸಿಟ್ಟೋ, ಅಲ್ಲಿ ನಿಲ್ಲಲು ಆಗಲಿಲ್ಲ. ಆಗ ಬಾಲ್ಕನಿಯಿಂದ ಅವ್ವನ ದನಿ ಬಂತು.

"ಹೋಗು. ಎಲ್ಲಿ ಹೋಗ್ತಿ? ಇಲ್ಲಿ ಗಿರಣಿ ಇಲ್ಲ. ನಾಕೂ ದಿಕ್ಕಿಗೆ ನೀರ ಐತಿ. ಅದಕ್ಕನ ಇಬ್ರನ್ನೂ ಇಲ್ಲಿ ತಂದೇನಿ."

ನಾನು ನಿಂತೆ. ಅವ್ವ ಗಾಜಿನ ಬಾಗಿಲು ಸರಿಸಿ ಒಳಗೆ ಬಂದು ಹಾಸಿಗೆಯ ಅಂಚಿಗೆ ಕುಳಿತಳು. ಸುವರ್ಣಾ ಹಡಗಿನ ಸುದ್ದಿ ಹೇಳಿದಾಗ ಅವ್ವನೇ ಅಂದಿದ್ದಳಂತೆ, ಅಕ್ಕನನ್ನೂ ಕರೆಯುವುದಿದ್ದರೆ, ಮೂವರಿಗೂ ಒಂದೇ ಕೋಣೆಯಾದರೆ ಬರುತ್ತೇನೆ ಎಂದು. ನನ್ನ ಯಜಮಾನರಿಗೂ ಗೊತ್ತಿತ್ತು. ಗಂಡಸರಿಬ್ಬರೂ ಕತ್ತಲಾಗುವ ತನಕ ಕೋಣೆಗೆ ಬರಕೂಡದೆಂದು ಅವ್ವನ ಅಪ್ಪಣೆ.

"ನೀ ಅಕೀಗೆ ಹೇಳಿದ್ದಕ್ಕನ ಇದೆಲ್ಲಾ ಆತು" ಎಂದು ನಾನು ಅವ್ವನ ಮೇಲೆ ಏರಿ ಹೋದೆ. "ಓಂಕಾಳಿನ ಮಾತ ಅಕೀಗೆ ನೀ ಅಲ್ದ ಮತ್ಯಾರ ಹೇಳ್ಯಾರು?"

"ಅವ್ವ ಅಲ್ಲ" ಎಂದಳು ಸುವರ್ಣಾ. ಅವಳು ನೆಲದ ಮೇಲೆ ಕುಳಿತುಬಿಟ್ಟಿದ್ದಳು. "ಅಪ್ಪ. ಅವತ್ತ ಸಂಜೀನ ನನಗ ಫೋನ್ ಮಾಡಿದ್ದ. 'ಎದಿ ಹಿಡದಂಗ ಆಗೇತಿ, ನಿಮ್ಮಕ್ಕ ಓಂಕಾಳಿನ ನೀರ ಕೊಟ್ಟಾಳ' ಅಂದ. ನಾ ಏನಂದೆ ಗೊತ್ತೇನ? 'ಛಲೋ ಮಾಡ್ಯಾಳ, ಮಲ್ಕೋ, ನಾಳೆ ಮಾತಾಡೂಣು' ಅಂದೆ. ಕಾರು ಮನಿ ಮುಂದನ ನಿಂತಿತ್ತು ಅಕ್ಕಾ. ಮುಕ್ಕಾಲ ತಾಸಿನ ದಾರಿ. ನಾ ಏಳಲಿಲ್ಲ."

ಒದ್ದೆ ಕೂದಲನ್ನು ಹಿಂದೆ ಸರಿಸಿ ಅವಳೇ ಮುಂದುವರಿಸಿದಳು. "ಹನ್ನೊಂದನೇ ದಿನ ಯಾರರೆ ನನ್ನ ಕೇಳ್ತಾರಂತ ಅಂಜಿಕಿ ಇತ್ತು. ಕೇಳೂದ್ರಾಗ ನಿನ್ನ ಹೆಸರ ಹೇಳಿಬಿಟ್ಟೆ."

ಶ್ರಾವಣದಲ್ಲಿ ಅವ್ವನ ಟ್ರಂಕಿನಿಂದ ಅವಳು ಒಯ್ದದ್ದು ಈ ಕಾಗದಗಳನ್ನು. ಹುಬ್ಬಳ್ಳಿಯ ಡಾಕ್ಟರಿಗೆ ತೋರಿಸಿ, ಒಂದು ದಿನ ಮೊದಲು ತಂದಿದ್ದರೆ ಬದುಕುತ್ತಿದ್ದರೇ ಎಂದು ಕೇಳಿದ್ದಳು. ಖಾತ್ರಿಯಾಗಿ ಹೇಳಲು ಬರುವುದಿಲ್ಲ, ಈ ಹೃದಯ ಮೊದಲೇ ಬಹಳ ಸೋತಿತ್ತು, ಯಾರ ತಪ್ಪೂ ಅಲ್ಲ ಎಂದರಂತೆ. ಅವಳು ಬಾಯಿಮಾತು ಸಾಲದೆಂದು ಅದನ್ನು ಕಾಗದದ ಮೇಲೆ ಬರೆಸಿಕೊಂಡಿದ್ದಳು. "ನಿನಗ ಕಾಗದ ಇದ್ರನ ನಂಬಿಕಿ ಅಲ್ಲಾ" ಎಂದಳು.

ಆಗ ನನಗೆ ಅಳು ಬಂತು. ಆರು ವರ್ಷ ಯಾರಿಗೂ ಹೇಳದ ಮಾತು ಹೇಳಿದೆ. ಅವಳ ಮಾತು ನನ್ನನ್ನು ಚುಚ್ಚಿದ್ದು ಅದು ಸುಳ್ಳೆಂದು ಅಲ್ಲ, ನಿಜವಿರಬಹುದೆಂದು. ಓಂಕಾಳು ಕುದಿಸುವಾಗ, ಅಪ್ಪನ ಹಣೆ ಬೆವೆತದ್ದನ್ನು ನಾನು ನೋಡಿದ್ದೆ. ನೋಡಿ, ಒಲೆಯ ಕಾವಿಗೆ ಎಂದುಕೊಂಡಿದ್ದೆ.

ಅವ್ವ ನಮ್ಮಿಬ್ಬರನ್ನೂ ನೋಡಿದಳು. "ಅವತ್ತ ರಾತ್ರಿ ನಿಮ್ಮಪ್ಪನ ಬಾಜು ಮಲಗಿದಾಕಿ ನಾ. ನನಗ ಯಾರೂ ಏನೂ ಅನ್ನಲಿಲ್ಲ. ನೀವಿಬ್ರೂ ನಿಮ್ಮ ನಿಮ್ಮಾಗ ಜಗಳಾಡಿದ್ರಿ. ಮುದುಕಿ ಏನ ಹೊತ್ಕೊಂಡ ಕುಂತಾಳ ಅಂತ ಒಬ್ರರೆ ಕೇಳಿದ್ರೇನ?" ಎಂದಳು.

ನಾವು ಕೇಳಿರಲಿಲ್ಲ. ನಾನಂತೂ ಅದೇ ಮನೆಯಲ್ಲಿದ್ದು, ಅವಳು ಚಾಡಿ ಹೇಳಿದಳೆಂದು ಸಂಶಯಪಟ್ಟು ದಿನ ಕಳೆದಿದ್ದೆ. ಸುವರ್ಣಾ ಮೊದಲು ಎದ್ದು ಅವ್ವನ ತೊಡೆಯ ಮೇಲೆ ತಲೆ ಇಟ್ಟಳು. ಇನ್ನೊಂದು ಬದಿ ಖಾಲಿ ಇತ್ತು. ನಾನು ಅಲ್ಲಿ ಕುಳಿತೆ.

ದೀಪ ಹಚ್ಚುವ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. "ಒಳಗ ಬರಬಹುದೇನ್ರಿ?" ನನ್ನ ಯಜಮಾನರ ದನಿ, ಅಂಜುತ್ತಂಜುತ್ತ. ಅವರ ಹಿಂದೆ ಮಂಜುನಾಥ ಇಣುಕುತ್ತಿದ್ದ. ನಮ್ಮ ಮುಖಗಳನ್ನು ನೋಡಿ ಏನೂ ಕೇಳದೆ, ಕೈಗವಸಿನವನನ್ನು ಕರೆದು ಐದು ಚಹಾ ಹೇಳಿದರು. ಅಂದು ನಾವು ಊಟದ ದೊಡ್ಡ ಹಾಲಿಗೆ ಹೋಗಲಿಲ್ಲ. ಬಾಲ್ಕನಿಯಲ್ಲಿ ಕುಳಿತು ಅಪ್ಪನ ಮಾತು ಆಡಿದೆವು. ಅವನು ಸತ್ತದ್ದನ್ನು ಬಿಟ್ಟು, ಉಳಿದದ್ದನ್ನೆಲ್ಲ.

ಈಗ ಸುವರ್ಣಾ ಮನೆಗೆ ಬಂದರೆ ಇಬ್ಬರೂ ಕೂಡಿ ಅಡುಗೆ ಮಾಡುತ್ತೇವೆ. ಆದರೆ ಒಂದು ಮಾತು ಉಳಿದಿದೆ. ನಾನು ಅವಳ ಪೆಟ್ಟಿಗೆ ಯಾಕೆ ತೆರೆದೆ, ಅದರಲ್ಲಿ ಏನಿದೆ ಎಂದು ತಿಳಿದಿದ್ದೆ ಎಂಬುದನ್ನು ಅವಳು ಇವತ್ತಿನವರೆಗೂ ಕೇಳಿಲ್ಲ. ಕೇಳಿದ್ದರೆ ನಾಲ್ಕು ಬೈಸಿಕೊಂಡು ಹಗುರಾಗುತ್ತಿದ್ದೆ. ನಾನಾಗಿ ಹೇಳಲು ಎಷ್ಟೋ ಸಲ ಬಾಯಿ ತೆರೆದು ಬೇರೆ ಏನೋ ಮಾತಾಡಿದ್ದೇನೆ. ಅವಳ ಮನೆಗೂ ಈ ಪತ್ರಿಕೆ ಬರುತ್ತದೆ. ಅದಕ್ಕೇ ಬರೆಯಲು ಕುಳಿತೆ. ಸುವರ್ಣಾ, ಹೊಲದ ಕಾಗದಕ್ಕ ಅವ್ವನ ಹೆಬ್ಬೆಟ್ಟ ಒತ್ತಿಸ್ಕೊಳ್ಳಾಕ ಕರ್ಕೊಂಡ ಬಂದಿ ಅಂತ ತಿಳದಿದ್ದೆ. ನನ್ನದು ತಪ್ಪಾತವಾ.